ಅಟ್ಟದಿಂದ ಹಿಟ್ಟು ಉದುರುತ್ತಿದೆ. ಕುಟ್ಟೆಯೋ, ಒರಲೆಯೋ, ಮರವೇ ಕುಂಬಾಗಿದೆಯೋ?

ತೊಟ್ಟಿಮನೆ · ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಜ್ಜ ಕಟ್ಟಿಸಿದ ತೊಟ್ಟಿ ಮನೆ. 90 ವರ್ಷ ಆಗಿರಬೇಕು. ನಡುಮನೆಯ ಮೇಲೆ ಅಟ್ಟ, ಅದರ ಕೆಳಗೆ ಒಂಬತ್ತು ತೊಲೆ. ಎಲ್ಲಾ ಹಲಸು ಅಂತ ಅಮ್ಮ ಹೇಳುತ್ತಾರೆ. ಹದಿನೈದು ದಿನದಿಂದ ಬೆಳಿಗ್ಗೆ ಎದ್ದರೆ ಅಮ್ಮನ ಹಾಸಿಗೆ ಮೇಲೆ ಹಿಟ್ಟು ಬಿದ್ದಿರುತ್ತದೆ. ಬೆರಳಿಗೆ ಹಚ್ಚಿದರೆ ಮುಖಕ್ಕೆ ಹಾಕುವ ಪೌಡರ್ ಥರ ನುಣ್ಣಗಿದೆ. ತಲೆಯೆತ್ತಿ ನೋಡಿದರೆ ತೊಲೆಯಲ್ಲಿ ಸಣ್ಣ ಸಣ್ಣ ತೂತುಗಳು.

ಪೇಟೆಯಿಂದ ಹುಳದ ಔಷಧಿ ಹೊಡೆಯುವವರನ್ನು ಕರೆಸಿದೆವು. ಅವರು ಐದೇ ನಿಮಿಷ ನೋಡಿ, ಮೂರು ತೊಲೆ ತೆಗೆಸಿ ಕಬ್ಬಿಣ ಹಾಕಿಸಿ, ಮನೆಪೂರ್ತಿ ಔಷಧಿ ಹೊಡೆಸಿ ಅಂದರು. ಹೇಳಿದ ಮೊತ್ತ ಕೇಳಿ ಅಮ್ಮ ಅವತ್ತು ಊಟ ಮಾಡಲಿಲ್ಲ. ದುಡ್ಡಿನ ಚಿಂತೆ ಒಂದು ಕಡೆ. ಆ ತೊಲೆಗಳ ಕೆಳಗೇ ಅವರು ಸೊಸೆಯಾಗಿ ಬಂದಿದ್ದು, ನಮ್ಮನ್ನು ತೊಟ್ಟಿಲಲ್ಲಿ ತೂಗಿದ್ದು. ಮಳೆಗಾಲ ಶುರುವಾಗುವುದಕ್ಕೆ ಇನ್ನು ಒಂದೂವರೆ ತಿಂಗಳಿದೆ. ನಿಜವಾಗಿ ಏನಾಗಿದೆ ಅಂತ ತಿಳಿದುಕೊಳ್ಳುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಸವನಗುಡಿ ಫ್ಲಾಟ್ · ಏಪ್ರಿಲ್ 14

ನಮ್ಮ ವಾರ್ಡ್‌ರೋಬ್‌ಗೆ ಹೀಗೇ ಆಗಿತ್ತು. ಸಿರಿಂಜ್‌ನಲ್ಲಿ ತೂತಿಗೆ ಸೀಮೆಎಣ್ಣೆ ಬಿಟ್ಟು ಮೇಣದಲ್ಲಿ ಮುಚ್ಚಿದೆವು, ನಿಂತಿತು. ತಡ ಮಾಡಬೇಡಿ, ಹುಳ ಬೇಗ ಹರಡುತ್ತದೆ.

ಕುಂದಾಪ್ರ ಆಚಾರಿ · ಏಪ್ರಿಲ್ 14

ಅಕ್ಕ, ಗಾಬರಿ ಬೇಡ. ನಮ್ಮದು ಮೂರು ತಲೆಮಾರಿನಿಂದ ಮರದ ಕೆಲಸ. ಸೀಮೆಎಣ್ಣೆ ಮಾತ್ರ ಬೇಡ ಮಾರಾಯ್ರೆ. ಅದು ಆರಿ ಹೋಗುತ್ತದೆ, ಒಳಗಿನ ಹುಳಕ್ಕೆ ತಲುಪುವುದೂ ಇಲ್ಲ. ಅಟ್ಟದಲ್ಲಿ ವೈರು ಹೋಗಿರುತ್ತದೆ, ಒಂದು ಕಿಡಿ ಸಾಕು.

ಮೊದಲು ಒಂದು ದಬ್ಬಳ ತಗೊಳ್ಳಿ. ಗೋಣಿಚೀಲ ಹೊಲಿಯುವ ದಬ್ಬಳವೇ ಸಾಕು. ಒಂಬತ್ತು ತೊಲೆಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಒಂದೊಂದು ತೊಲೆಗೂ ಎರಡು ತುದಿ, ನಡು, ಕೆಳಮೈ, ಪಕ್ಕ, ಹೀಗೆ ಅಲ್ಲಲ್ಲಿ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ದಬ್ಬಳ ತಾಗಿ ನಿಲ್ಲುತ್ತದೆ. ಹುಳ ತಿಂದಿದ್ದರೆ ಸ್ವಲ್ಪ ಇಳಿದು ನಿಲ್ಲುತ್ತದೆ. ಕುಂಬಾಗಿದ್ದರೆ ಬೆಣ್ಣೆಗೆ ಚುಚ್ಚಿದ ಹಾಗೆ ಹೋಗುತ್ತದೆ. ಎಷ್ಟು ಇಳಿಯಿತು ಅಂತ ಬರೆದಿಟ್ಟುಕೊಳ್ಳಿ.

ಆಮೇಲೆ ಕೊಡತಿಯಲ್ಲಿ ಮೆಲ್ಲಗೆ ಬಡಿದು ಕಿವಿಗೊಡಿ. ಒಳ್ಳೆ ಮರ ಠಣ್ ಅನ್ನುತ್ತದೆ. ಪೊಳ್ಳು ಮರ ಡಬ್ ಅನ್ನುತ್ತದೆ. ಎರಡು ಸಲ ಕೇಳಿದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತದೆ.

ಗೋಡೆಯೊಳಗೆ ಸೇರುವ ತುದಿಯನ್ನು ಬಿಡಬೇಡಿ. ನಾನು ನೋಡಿದ ಹತ್ತು ಮನೆಯಲ್ಲಿ ಎಂಟು ಮನೆಯ ತೊಲೆ ಕೆಡುವುದು ಅಲ್ಲೇ.

ಮರದ ಮೇಷ್ಟ್ರು · ಏಪ್ರಿಲ್ 15

ಆಚಾರರು ಸರಿಯಾದ ಕಡೆಯಿಂದ ಶುರು ಮಾಡಿದ್ದಾರೆ. ನಾನು ಮರದ ಪರೀಕ್ಷೆಯ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮೊದಲ ಮಾತಲ್ಲೇ ಒಂದು ಸುಳಿವಿದೆ. ಹಿಟ್ಟು ಪೌಡರ್ ಥರ ನುಣ್ಣಗಿದೆ ಅಂದಿರಿ. ಅದು ಲಿಕ್ಟಸ್ ಅನ್ನುವ ಸಣ್ಣ ಜೀರುಂಡೆಯ ಗುರುತು. ಇಂಗ್ಲಿಷ್‌ನಲ್ಲಿ ಪೌಡರ್ ಪೋಸ್ಟ್ ಬೀಟಲ್ ಅನ್ನುತ್ತಾರೆ, ನಾವು ಎಲ್ಲದಕ್ಕೂ ಸೇರಿಸಿ ಕುಟ್ಟೆ ಅನ್ನುತ್ತೇವೆ. ತೂತು 1ರಿಂದ 2 ಮಿಲಿಮೀಟರ್, ಗುಂಡಗೆ. ತೂತು 3 ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ ಅದರ ಅಣ್ಣತಮ್ಮಂದಿರಾದ ಬಾಸ್ಟ್ರಿಕಿಡ್ ಜಾತಿ ಇರಬಹುದು. ಹಿಟ್ಟಿನ ಬದಲು ಗಸಗಸೆ ಥರ ಕಾಳು ಬಿದ್ದರೆ ಅದು ಜೀರುಂಡೆಯೇ ಅಲ್ಲ, ಒಣಮರದ ಗೆದ್ದಲು. ಆ ಕಾಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಆರು ಮುಖ ಕಾಣುತ್ತದೆ. ಕರಾವಳಿಯಲ್ಲಿ ಇದು ಜಾಸ್ತಿ. ನೆಲದಿಂದ ಮಣ್ಣಿನ ಗೆರೆ ಎಳೆದುಕೊಂಡು ಬರುವುದು ಮಾಮೂಲಿ ಒರಲೆ, ಅಂದರೆ ಮಣ್ಣಿನ ಗೆದ್ದಲು. ಅದು ಹಿಟ್ಟು ಉದುರಿಸುವುದಿಲ್ಲ. ತಿಂದ ಜಾಗಕ್ಕೆ ಮಣ್ಣು ತುಂಬುತ್ತದೆ.

ಈಗ ಮುಖ್ಯ ವಿಷಯ. ಲಿಕ್ಟಸ್ ಮರಿಗೆ ಬೇಕಾಗಿರುವುದು ಮರದ ಪಿಷ್ಟ. ಪಿಷ್ಟ ಇರುವುದು ಮರದ ಹೊರಸುತ್ತಿನ ಬಿಳಿ ಭಾಗದಲ್ಲಿ. ಒಳಗಿನ ಗಟ್ಟಿ ಭಾಗವಾದ ಕೆಚ್ಚಿನಲ್ಲಿ ಅದಕ್ಕೆ ಊಟವಿಲ್ಲ. ಬಿಳಿ ಭಾಗದ ಪಿಷ್ಟವೂ ವರ್ಷ ಕಳೆದಂತೆ ಮುಗಿಯುತ್ತದೆ. 90 ವರ್ಷದ ಹಲಸಿನ ತೊಲೆಯಲ್ಲಿ ಇವತ್ತು ಹೊಸದಾಗಿ ಲಿಕ್ಟಸ್ ಹುಟ್ಟುವುದು ಬಹಳ ಅಪರೂಪ. ಆ ತೂತುಗಳು ಅಜ್ಜನ ಕಾಲದವೇ ಇರಬಹುದು.

ಹಾಗಾದರೆ ಹಿಟ್ಟು ಎಲ್ಲಿಂದ ಬರುತ್ತಿದೆ? ಆ ಅಟ್ಟದ ಮೇಲೆ ಕಳೆದ ಐದು ವರ್ಷದಲ್ಲಿ ಹೊಸ ಮರ ಏನಾದರೂ ಹಾಕಿಸಿದ್ದೀರಾ?

ತೊಟ್ಟಿಮನೆ · ಏಪ್ರಿಲ್ 15

ಸರ್, ಓದಿ ಮೈ ಜುಮ್ ಅಂತು. ಹೌದು, ಹಾಕಿಸಿದ್ದೇವೆ. ಮೂರು ವರ್ಷದ ಹಿಂದೆ ಹೆಂಚು ಕೈಯಾಡಿಸುವಾಗ ಹಳೇ ಅಡಿಕೆ ದಬ್ಬೆ ತೆಗೆಸಿ ಹೊಸ ರೀಪು, ಅಂದರೆ ಹೆಂಚು ಕೂರಿಸುವ ತೆಳು ಮರ, ಹಾಕಿಸಿದೆವು. ಉಳಿದ ರೀಪನ್ನು ಅಟ್ಟದ ಹಲಗೆಯ ಕೆಳಗೆ ಪಟ್ಟಿಯಾಗಿ ಹೊಡೆದರು. ಮರ ಯಾವುದು ಅಂತ ಕೇಳಿದ್ದಕ್ಕೆ ‘ಜಂಗಲ್ ವುಡ್’ ಅಂದಿದ್ದರು. ಅಮ್ಮನ ಹಾಸಿಗೆ ಇರುವುದು ಸರಿಯಾಗಿ ಆ ಪಟ್ಟಿಯ ಕೆಳಗೆ.

ಮರದ ಮೇಷ್ಟ್ರು · ಏಪ್ರಿಲ್ 15

‘ಜಂಗಲ್ ವುಡ್’ ಅನ್ನುವುದು ಮರದ ಹೆಸರಲ್ಲ. ಬೆಲೆ ಕಡಿಮೆಯ ಯಾವ ಮರಕ್ಕೂ ಅಂಗಡಿಯಲ್ಲಿ ಆ ಹೆಸರಿಡುತ್ತಾರೆ. ಮಾವು ಇರಬಹುದು, ಬೇರೆ ಏನೋ ಇರಬಹುದು. ಬಿಳಿ ಭಾಗ ತುಂಬಿದ್ದು ಔಷಧಿ ಕಾಣದ ಮರವಾದರೆ ಕುಟ್ಟೆಗೆ ಹಬ್ಬ.

ಆದರೂ ಊಹೆಯ ಮೇಲೆ ನಡೆಯಬೇಡಿ. ಇವತ್ತು ಎಲ್ಲಾ ತೂತುಗಳ ಸುತ್ತ ಬ್ರಷ್‌ನಿಂದ ಗುಡಿಸಿ. ತೊಲೆಯ ತೂತಿರುವ ಜಾಗಕ್ಕೆ ತೆಳು ಕಾಗದ ಅಂಟಿಸಿ. ಪಟ್ಟಿಯ ತೂತಿಗೂ ಬೇರೆ ಕಾಗದ ಅಂಟಿಸಿ. ಎರಡರ ಮೇಲೂ ತಾರೀಕು ಬರೆಯಿರಿ. ಕೆಳಗೆ ಕಪ್ಪು ಕಾಗದ ಹಾಸಿ. ಜೀರುಂಡೆ ಹೊರಬಂದರೆ ಕಾಗದವನ್ನೇ ಕೊರೆದುಕೊಂಡು ಬರುತ್ತದೆ. ಯಾವ ಕಾಗದ ತೂತಾಯಿತೋ ಆ ಮರ ಜೀವಂತ ಹುಳ ಇರುವ ಮರ. ಏಪ್ರಿಲ್‌ನಿಂದ ಜೂನ್ ಇದಕ್ಕೆ ಒಳ್ಳೆ ಸಮಯ.

ತೂತಿನ ಅಂಚನ್ನೂ ನೋಡಿ. ಹೊಸ ತೂತಿನ ಅಂಚು ಚೂಪಾಗಿ, ಒಳಗೆ ಹೊಸ ಮರದ ಬಣ್ಣ ಇರುತ್ತದೆ. ಹಳೆಯದರ ಅಂಚು ಸವೆದು ಒಳಗೆಲ್ಲ ಕಪ್ಪಾಗಿರುತ್ತದೆ.

ಬಸವನಗುಡಿ ಫ್ಲಾಟ್ · ಏಪ್ರಿಲ್ 15

ಮೇಷ್ಟ್ರೇ, ಸೀಮೆಎಣ್ಣೆ ವಿಷಯದಲ್ಲಿ ಅವಸರ ಮಾಡಿದೆ, ಕ್ಷಮಿಸಿ. ನಮ್ಮದು ಪ್ಲೈವುಡ್. ಅದಕ್ಕೂ ಇದೇ ಹುಳವಾ? ದುಬಾರಿ ಪ್ಲೈ ತಗೊಂಡಿದ್ದೆವು.

ಮರದ ಮೇಷ್ಟ್ರು · ಏಪ್ರಿಲ್ 15

ಕ್ಷಮೆ ಯಾಕೆ, ಎಲ್ಲರೂ ಮಾಡುವುದೇ ಅದು. ಪ್ಲೈನ ಒಳಪದರದಲ್ಲಿ ರಬ್ಬರ್ ಮರದಂಥ ಬಿಳಿ ಮರ ಇದ್ದು, ಔಷಧಿ ಸರಿಯಾಗಿ ಸೇರದಿದ್ದರೆ ಇದೇ ಕುಟ್ಟೆ ಬರುತ್ತದೆ. ರಬ್ಬರ್ ಮರ ಕೊಯ್ದ ಕೆಲವೇ ದಿನದಲ್ಲಿ ಬೋರಾನ್ ಔಷಧಿ ಕಾಣಬೇಕು. ತಡವಾದರೆ ಹುಳ ಮೊದಲು ಸೇರಿರುತ್ತದೆ. ಪ್ಲೈ ಮೇಲೆ ಐಎಸ್ 303 ಅಥವಾ ಐಎಸ್ 710 ಅಂತ ಭಾರತೀಯ ಮಾನಕದ ಮುದ್ರೆ ಇರುತ್ತದೆ. 710 ಅಂದರೆ ಮರೈನ್ ದರ್ಜೆ. ಕೊಳ್ಳುವಾಗ ಆ ಮುದ್ರೆ ನೋಡಿ, ಔಷಧಿ ಆಗಿದೆಯಾ ಅಂತ ಬರಹದಲ್ಲಿ ಕೇಳಿ.

ಧಾರವಾಡದಾಕಿ · ಏಪ್ರಿಲ್ 16

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ನಮ್ಮ ಅತ್ತೆ ಮನೆಯಲ್ಲಿ ಬೇವಿನ ಜಂತಿ ಇವತ್ತಿಗೂ ಕಲ್ಲಿನ ಹಾಗೆ ಇವೆ. ಕೆಟ್ಟಿದ್ದು ಒಂದೇ ಮೂಲೆ. ಅಲ್ಲಿ ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಇಟ್ಟಿದ್ದರು. ಟ್ಯಾಂಕ್ ತುಂಬಿ ಚೆಲ್ಲಿದ್ದು ಮಣ್ಣಿಗಿಳಿದು ಜಂತಿಯ ತಲೆ ಕೊಳೆತಿತ್ತು. ಒಂದು ಹುಳವೂ ಇರಲಿಲ್ಲ. ನಿಮ್ಮಲ್ಲೂ ನೀರು ಎಲ್ಲಿ ಬೀಳುತ್ತದೆ ಅಂತ ಒಮ್ಮೆ ನೋಡಿರಿ.

ತೊಟ್ಟಿಮನೆ · ಏಪ್ರಿಲ್ 18

ಇವತ್ತು ನಾನೂ ತಮ್ಮನೂ ಏಣಿ ಹಾಕಿಕೊಂಡು ಇಡೀ ದಿನ ಇದೇ ಕೆಲಸ ಮಾಡಿದೆವು. ಅಮ್ಮ ಕೆಳಗೆ ಕೂತು ಬರೆದುಕೊಂಡರು.

1ರಿಂದ 8ನೇ ತೊಲೆ: ತೂತು ಇರುವ ಜಾಗದಲ್ಲೆಲ್ಲ ದಬ್ಬಳ ಒಂದು ಕಾಳಿನಷ್ಟು ಇಳಿದು ಟಕ್ ಅಂತ ನಿಂತಿತು. ತೂತುಗಳೆಲ್ಲ ಅಂಚಿನ ಬಿಳಿ ಗೆರೆಯಲ್ಲೇ ಇವೆ. ಒಳಗಿನ ಹಳದಿ ಭಾಗದಲ್ಲಿ ಒಂದೂ ಇಲ್ಲ. ಔಷಧಿಯವರು ತೆಗೆಸಿ ಅಂದ 3, 4, 5 ಇದೇ ಲೆಕ್ಕದವು. ತಮ್ಮ 4ನೇ ತೊಲೆಗೆ ಜೋತುಬಿದ್ದ, ಅದು ಮಿಸುಕಲಿಲ್ಲ.

9ನೇ ತೊಲೆ ಬಚ್ಚಲಿನ ಗೋಡೆಗೆ ಸೇರುವುದು. ಅದಕ್ಕೆ ಒಂದೇ ಒಂದು ತೂತಿಲ್ಲ. ಬಣ್ಣ ಹಚ್ಚಿದ್ದರಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಗೋಡೆಯ ಹತ್ತಿರ ದಬ್ಬಳ ಇಟ್ಟು ಒತ್ತಿದೆ. ಹಿಡಿಯವರೆಗೂ ಹೋಯಿತು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಹೊರಗೆ ತೆಗೆದರೆ ದಬ್ಬಳದ ತುದಿ ಒದ್ದೆ. ಬಣ್ಣದ ಚಕ್ಕೆ ಎಬ್ಬಿಸಿ ನೋಡಿದರೆ ಒಳಗೆ ಕಂದು ಮರ, ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟು ಸಣ್ಣ ಸಣ್ಣ ಚೌಕವಾಗಿದೆ. ಬೆರಳಲ್ಲಿ ತಿಕ್ಕಿದರೆ ಕಾಫಿಪುಡಿ ಆಗುತ್ತದೆ. ಮಳೆಗಾಲದ ಅಣಬೆ ವಾಸನೆ.

ಐದು ನಿಮಿಷ ನೋಡಿ ಹೋದವರು ಇದನ್ನು ಮುಟ್ಟಿಯೂ ನೋಡಿರಲಿಲ್ಲ.

ಕುಂದಾಪ್ರ ಆಚಾರಿ · ಏಪ್ರಿಲ್ 18

ಅಕ್ಕ, ಇವತ್ತು ರಾತ್ರಿಯೇ ಆ ತೊಲೆಯ ಕೆಳಗೆ ಯಾರೂ ಮಲಗಬೇಡಿ. ಅಟ್ಟದ ಆ ಮೂಲೆಯಲ್ಲಿ ಭಾರ ಇದ್ದರೆ ಇಳಿಸಿ. ಅಕ್ಕಿ ಮೂಟೆ, ಹಳೇ ಪಾತ್ರೆ, ಏನಿದ್ದರೂ. ನಾಳೆ ಕಬ್ಬಿಣದ ಜಾಕಿ ತರಿಸಿ, ಗೋಡೆಯಿಂದ ಎರಡು ಅಡಿ ಈಚೆ, ಗಟ್ಟಿ ಮರ ಸಿಕ್ಕುವ ಜಾಗದಲ್ಲಿ ಆಸರೆ ಕೊಡಿ. ಜಾಕಿಯ ಕೆಳಗೂ ಮೇಲೂ ದಪ್ಪ ಹಲಗೆ ಇರಲಿ. ತೊಲೆಯನ್ನು ಎತ್ತಲು ಹೋಗಬೇಡಿ, ತಾಗಿ ನಿಂತರೆ ಸಾಕು. ಮೊದಲು ಇದು, ಮಾತು ಆಮೇಲೆ.

ಮರದ ಮೇಷ್ಟ್ರು · ಏಪ್ರಿಲ್ 19

ಆಚಾರರು ಹೇಳಿದ್ದನ್ನು ಅಕ್ಷರಶಃ ಮಾಡಿ.

ನೀವು ಕಂಡಿದ್ದು ಕಂದು ಕೊಳೆ. ಇದು ಶಿಲೀಂಧ್ರದ ಕೆಲಸ, ಅಂದರೆ ಅಣಬೆ ಜಾತಿ. ಮರದಲ್ಲಿ ಗೋಡೆ ಕಟ್ಟಿದ ಹಾಗೆ ಎರಡು ವಸ್ತು ಇವೆ. ಇಟ್ಟಿಗೆ ಥರ ಸೆಲ್ಯುಲೋಸ್, ಗಾರೆ ಥರ ಲಿಗ್ನಿನ್. ಕಂದು ಕೊಳೆ ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಡುತ್ತದೆ. ಅದಕ್ಕೇ ಬಣ್ಣ ಕಂದಾಗಿ ಚೌಕ ಚೌಕ ಬಿರುಕು. ಬಿಳಿ ಕೊಳೆ ಎರಡನ್ನೂ ತಿನ್ನುತ್ತದೆ. ಆಗ ಮರ ಬೆಳ್ಳಗಾಗಿ ನಾರು ನಾರಾಗಿ ಸ್ಪಂಜಿನಂತೆ ಆಗುತ್ತದೆ. ಕಂದು ಕೊಳೆ ಹೆಚ್ಚು ಅಪಾಯ. ಕಣ್ಣಿಗೆ ಕಾಣುವ ಮೊದಲೇ ಮರ ಬಲ ಕಳೆದುಕೊಂಡಿರುತ್ತದೆ. ಅನುಮಾನ ಇದ್ದ ಕಡೆ ಒಂದು ಸೀಳು ಎಬ್ಬಿಸಿ ನೋಡಿ. ಒಳ್ಳೆ ಮರ ಉದ್ದ ಸಿಬಿರಾಗಿ ಏಳುತ್ತದೆ. ಕೊಳೆತದ್ದು ಬಿಸ್ಕತ್ತಿನಂತೆ ಪಟ್ಟನೆ ಅಡ್ಡ ಮುರಿಯುತ್ತದೆ.

ಅಣಬೆಗೆ ಬೇಕಾಗಿರುವುದು ನೀರು. ಮರದ ತೇವಾಂಶ ನೂರಕ್ಕೆ 20ರ ಕೆಳಗಿದ್ದರೆ ಅದಕ್ಕೆ ಬದುಕಿಲ್ಲ. 28–30 ದಾಟಿದರೆ ಚೆನ್ನಾಗಿ ಬೆಳೆಯುತ್ತದೆ. ಮಳೆಗಾಲದ ಗಾಳಿಯಿಂದಲೇ ಮರ ಅಷ್ಟು ಒದ್ದೆ ಆಗುವುದಿಲ್ಲ. ಎಲ್ಲಿಂದಲೋ ನೀರೇ ಬರುತ್ತಿರಬೇಕು. ಎರಡು ಮುಳ್ಳಿನ ತೇವಾಂಶ ಮೀಟರ್ ಸಿಗುತ್ತದೆ, ಒಂದು ತರಿಸಿ. ಒಂಬತ್ತೂ ತೊಲೆಯ ಲೆಕ್ಕ ಬರೆಯಿರಿ.

ಆ ಗೋಡೆಯ ಆಚೆ ಬಚ್ಚಲಲ್ಲಿ ಏನೇನು ಬದಲಾಗಿದೆ ಅಂತ ಯೋಚಿಸಿ.

ಲೀಡ್ಸ್ ಕನ್ನಡಿಗ · ಏಪ್ರಿಲ್ 19

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ನಮ್ಮದು ವಿಕ್ಟೋರಿಯಾ ಕಾಲದ ಇಟ್ಟಿಗೆ ಮನೆ, ಮರದ ನೆಲ. ಇಲ್ಲಿ ಮನೆ ಕೊಳ್ಳುವಾಗ ‘ವುಡ್‌ವರ್ಮ್’ ಅನ್ನುವ ಪದ ಕೇಳಿದರೆ ಎಲ್ಲರಿಗೂ ಎದೆ ಝಲ್ ಅನ್ನುತ್ತದೆ. ನಮ್ಮ ನೆಲದ ಜಂತಿಯಲ್ಲೂ 2 ಮಿಲಿಮೀಟರ್ ತೂತು ಇದ್ದವು. ಇಲ್ಲಿಯ ಹುಳ ಬೇರೆ, ಅನೋಬಿಯಂ ಅಂತ. ಒಂದು ಕಂಪನಿ ಪೂರ್ತಿ ಔಷಧಿ ಹೊಡೆಯಬೇಕು ಅಂದಿತು. ಇನ್ನೊಬ್ಬ ವಯಸ್ಸಾದ ಸರ್ವೇಯರ್ ನೆಲದ ಹಲಗೆ ಎತ್ತಿ ನೋಡಿ, ತೂತು ಹಳೆಯದು, ಆದರೆ ಗಾಳಿ ಕಿಂಡಿಗಳು ಮುಚ್ಚಿವೆ ಅಂದರು. ಹೊರಗೋಡೆಯ ಬುಡದಲ್ಲಿ ನೆಲದಡಿಗೆ ಗಾಳಿ ಹೋಗಲು ತೂತಿನ ಇಟ್ಟಿಗೆ ಇಟ್ಟಿರುತ್ತಾರೆ. ಹಿಂದಿನವರು ಹೂವಿನ ಪಾತಿ ಮಾಡಿ ಅದರ ಮೇಲೆ ಮಣ್ಣು ಪೇರಿಸಿದ್ದರು. ಮಣ್ಣು ತೆಗೆದೆವು, ಒಂದು ವರ್ಷದಲ್ಲಿ ಜಂತಿ ಒಣಗಿತು.

ಇಲ್ಲಿ ‘ಡ್ರೈ ರಾಟ್’ ಅಂತ ಒಂದು ಭಯಂಕರ ಅಣಬೆ ಇದೆ. ಸರ್ಪುಲಾ ಲ್ಯಾಕ್ರಿಮನ್ಸ್ ಅಂತ ಹೆಸರು. ಲ್ಯಾಕ್ರಿಮನ್ಸ್ ಅಂದರೆ ಕಣ್ಣೀರು ಸುರಿಸುವುದು. ಅದರ ಮೈಮೇಲೆ ನೀರಿನ ಹನಿ ಕೂರುತ್ತದೆ. ಗೋಡೆಯೊಳಗೂ ನೂಲು ಬಿಟ್ಟು ಹರಡುತ್ತದೆ. ಮೇಷ್ಟ್ರೇ, ಮಲೆನಾಡಲ್ಲೂ ಅದೇ ಇರಬಹುದಾ?

ಮರದ ಮೇಷ್ಟ್ರು · ಏಪ್ರಿಲ್ 19

ಇಲ್ಲಿ ಅದರ ಭಯ ಬೇಡ. ಅದು ತಂಪು ಸೀಮೆಯದು. 20 ಡಿಗ್ರಿ ಆಸುಪಾಸು ಅದಕ್ಕೆ ಹಿತ. ಕಾಡಲ್ಲಿ ಅದು ಹಿಮಾಲಯದಂಥ ತಂಪು ಕಡೆ ಸಿಕ್ಕಿದೆ. ನಮ್ಮ ಬೇಸಿಗೆಯನ್ನು ಅದು ತಡೆಯುವುದಿಲ್ಲ. ಇದನ್ನು ಹೇಳಲು ಕಾರಣ ಇದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಯಲ್ಲಿ ಜಾಸ್ತಿ ಇಂಗ್ಲೆಂಡಿನದು. ಕೊಳೆ ಕಂಡ ಕಡೆಯಿಂದ ಒಂದು ಮೀಟರ್ ಸುತ್ತ ಗೋಡೆ ಗಾರೆ ಎಲ್ಲ ಕೆಡವಿ ಅಂತ ಅಲ್ಲಿ ಬರೆದಿರುತ್ತಾರೆ. ಅದು ಆ ಅಣಬೆಗೆ ಹೇಳಿದ್ದು. ನಮ್ಮ ಮನೆಗೆ ಆ ಕೆಡವುವ ಕೆಲಸ ಬೇಕಿಲ್ಲ.

ತೊಟ್ಟಿಮನೆ · ಏಪ್ರಿಲ್ 24

ಜಾಕಿ ಕೊಟ್ಟಾಯಿತು. ಮೀಟರ್ ಬಂತು. 1ರಿಂದ 8ರವರೆಗೆ ಎಲ್ಲಾ 12, 13, 14. 9ನೇ ತೊಲೆ ನಡುವಲ್ಲಿ 15, ಗೋಡೆಯ ಹತ್ತಿರ 31. ಏಪ್ರಿಲ್‌ನ ಈ ಬಿಸಿಲಲ್ಲಿ!

ಬಚ್ಚಲಿನ ಕಥೆ ಹೇಳುತ್ತೇನೆ. ಮೊದಲು ಅಲ್ಲಿ ಹಂಡೆ, ಒಲೆ ಇತ್ತು. ದಿನಾ ಬೆಂಕಿ ಹಾಕುತ್ತಿದ್ದರು, ಹೊಗೆ ಅಟ್ಟದವರೆಗೂ ಹೋಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಒಲೆ ತೆಗೆದು ಗೀಸರ್, ಶವರ್ ಹಾಕಿಸಿದೆವು. ಗೋಡೆಗೆ ಟೈಲ್ಸ್. ಈ ಕಡೆ ಮಣ್ಣಿನ ಗೋಡೆಯ ಹಳೇ ಸುಣ್ಣದ ಗಾರೆ ಉದುರುತ್ತೆ ಅಂತ ಸಿಮೆಂಟ್ ಗಾರೆ ಮಾಡಿಸಿ, ತೊಲೆಯ ಸುತ್ತ ಸಂದಿಯನ್ನೂ ಸಿಮೆಂಟ್‌ನಲ್ಲೇ ಮುಚ್ಚಿಸಿದೆವು. ಶವರ್‌ನ ಪೈಪ್ ಸರಿಯಾಗಿ ಆ ತೊಲೆಯ ತುದಿಯ ಮೇಲೇ ಹೋಗಿದೆ. ಗಟ್ಟಿಮುಟ್ಟಾಗಲಿ ಅಂತ ನಾವೇ ಮಾಡಿಸಿದ್ದು ಇದೆಲ್ಲ.

ಪೈಪ್ ಜಾಯಿಂಟ್ ಬಿಚ್ಚಿಸಿದೆವು. ಒಂದು ಕಡೆ ಸಣ್ಣಗೆ ಒಸರುತ್ತಿತ್ತು. ದಿನಕ್ಕೆ ಒಂದು ಲೋಟವೂ ಇರಲಿಕ್ಕಿಲ್ಲ.

ಇನ್ನೊಂದು ವಿಷಯ. ಪಟ್ಟಿಯ ಮೇಲೆ ಅಂಟಿಸಿದ್ದ ಕಾಗದ ನಾಲ್ಕು ಕಡೆ ತೂತಾಗಿದೆ. ತೊಲೆಯ ಮೇಲಿನ ಕಾಗದ ಹಾಗೇ ಇದೆ.

ಧಾರವಾಡದಾಕಿ · ಏಪ್ರಿಲ್ 24

ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿರಿ. ಆಗ ಎಲ್ಲರೂ ಹಾಗೇ ಮಾಡಿಸಿದರು, ನಾವೂ ಮಾಡಿಸಿದೆವು. ಅಮ್ಮನಿಗೆ ಧೈರ್ಯ ಹೇಳಿರಿ.

ಕುಂದಾಪ್ರ ಆಚಾರಿ · ಏಪ್ರಿಲ್ 25

ಮಣ್ಣಿನ ಗೋಡೆ ಉಸಿರಾಡಬೇಕು. ಸುಣ್ಣದ ಗಾರೆ ಒದ್ದೆಯಾದರೂ ಬೇಗ ಒಣಗುತ್ತದೆ. ಸಿಮೆಂಟ್ ಮೆತ್ತಿದರೆ ಒಳಗೆ ಸೇರಿದ ನೀರಿಗೆ ಹೊರಗೆ ದಾರಿ ಇಲ್ಲ, ಮರಕ್ಕೆ ಹೋಗಿ ಸೇರುತ್ತದೆ. ಮರ ನೀರು ಕುಡಿಯುವುದು ಜಾಸ್ತಿ ಅದರ ತಲೆಯಿಂದ, ಅಂದರೆ ಕೊಯ್ದ ತುದಿಯಿಂದ.

ಒಲೆಯ ಹೊಗೆಯ ವಿಷಯ ನೀವು ಹೇಳಿದ್ದು ಒಳ್ಳೆದಾಯಿತು. ಹೊಗೆ ಅಂದರೆ ಕರಿ ಅಂತ ಎಲ್ಲರೂ ಬೈಯುತ್ತಾರೆ. ಆದರೆ ಅಟ್ಟ ವರ್ಷಪೂರ್ತಿ ಬೆಚ್ಚಗೆ ಒಣಗಿ ಇರುತ್ತಿದ್ದದ್ದು ಅದರಿಂದ. ಹಾಗಂತ ಮತ್ತೆ ಒಲೆ ಹಾಕಿ ಅನ್ನುತ್ತಿಲ್ಲ, ಅಮ್ಮನ ಕಣ್ಣಿಗೆ ಕಷ್ಟ. ಬದಲಿಗೆ ಅಟ್ಟಕ್ಕೆ ಎದುರುಬದುರು ಎರಡು ಗಾಳಿ ಕಿಂಡಿ ಬಿಡಿ. ನಾಲ್ಕೈದು ಗಾಜಿನ ಹೆಂಚು ಹಾಕಿ. ಬೆಳಕು ಬಿದ್ದರೆ ಸೋರಿದ್ದೂ ಕಣ್ಣಿಗೆ ಕಾಣುತ್ತದೆ.

ತೊಲೆ ಪೂರ್ತಿ ಬದಲಾಯಿಸುವುದು ಬೇಡ. ಕೊಳೆತ ತುದಿ ಮಾತ್ರ ಕೊಯ್ಯಬೇಕು. ಕೊಳೆ ಕಂಡಲ್ಲಿಗೆ ನಿಲ್ಲಿಸದೆ ಗಟ್ಟಿ ಮರದೊಳಗೆ ಇನ್ನೊಂದು ಅಡಿ ಹೋಗಿ ಕೊಯ್ಯಿರಿ, ಅಣಬೆಯ ನೂಲು ಕಣ್ಣಿಗೆ ಕಾಣದೆ ಮುಂದೆ ಹೋಗಿರುತ್ತದೆ. ಅದಕ್ಕೆ ಹಲಸಿನ ಕೆಚ್ಚಿನ ತುಂಡು, ಚೆನ್ನಾಗಿ ಒಣಗಿದ್ದು, ಓರೆ ಕೊಯ್ದು ಬೆಸೆದು ಬೋಲ್ಟು ಹಾಕಬೇಕು. ಓರೆ ಉದ್ದ ತೊಲೆಯ ದಪ್ಪದ ಮೂರರಿಂದ ನಾಲ್ಕು ಪಟ್ಟು ಇರಲಿ. ಬೋಲ್ಟು ತುಕ್ಕು ಹಿಡಿಯದ್ದು. ಗೋಡೆಯ ಗೂಡಲ್ಲಿ ತೊಲೆ ಕೂರುವ ಜಾಗಕ್ಕೆ ಒಂದು ಚಪ್ಪಡಿ ಕಲ್ಲು ಇಡಿ. ತೊಲೆಯ ಪಕ್ಕ, ಮೇಲೆ, ಹಿಂದೆ ಒಂದು ಇಂಚು ಗಾಳಿ ಜಾಗ ಬಿಡಿ. ಅಲ್ಲಿ ಸಿಮೆಂಟ್ ಒಂದು ಚಮಚವೂ ಬೇಡ.

ಕೊಯ್ಯುವ ಮೊದಲು ಒಬ್ಬ ಇಂಜಿನಿಯರಿಗೆ ಭಾರದ ಲೆಕ್ಕ ತೋರಿಸಿ. ನಮ್ಮ ಕೈ ಅಳತೆ ನಂಬಬಹುದು, ಆದರೂ ತಲೆಯ ಮೇಲಿನ ವಿಷಯ ಇದು.

ಕೊಡಗು ಕಾಫಿ · ಏಪ್ರಿಲ್ 25

ಒಂದು ಮಾತು. ಇಷ್ಟೆಲ್ಲ ಕಷ್ಟ ಪಡುವ ಬದಲು ಸಾಗುವಾನಿ ಹಾಕಿದರೆ ಜೀವಮಾನ ಚಿಂತೆ ಇಲ್ಲ, ಅಲ್ವಾ?

ಮರದ ಮೇಷ್ಟ್ರು · ಏಪ್ರಿಲ್ 25

ಸಾಗುವಾನಿಯ ಕೆಚ್ಚು ನಿಜಕ್ಕೂ ದೊಡ್ಡ ಮರ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು, ಬಹುಪಾಲು ಸಾಗುವಾನಿ, ಇನ್ನೂ ನಿಂತಿದೆ. ಆದರೆ ಇವತ್ತು ಮಿಲ್ಲಿನಲ್ಲಿ ಸಿಗುವ ಎಳೇ ತೋಟದ ಸಾಗುವಾನಿಯಲ್ಲಿ ಬಿಳಿ ಭಾಗವೇ ಜಾಸ್ತಿ. ಆ ಬಿಳಿ ಭಾಗವನ್ನು ಕುಟ್ಟೆಯೂ ತಿನ್ನುತ್ತದೆ, ಗೆದ್ದಲೂ ತಿನ್ನುತ್ತದೆ. ಹೆಸರು ನೋಡಿ ದುಡ್ಡು ಕೊಡುವುದಕ್ಕಿಂತ ಹಲಗೆಯ ತುದಿಯಲ್ಲಿ ಕೆಚ್ಚು ಎಷ್ಟಿದೆ ನೋಡಿ ಕೊಡಿ.

ಮರದ ಬಾಳಿಕೆಯನ್ನು ನಮ್ಮಲ್ಲಿ ಅಳೆಯುವುದು ಹೀಗೆ. ಕೆಚ್ಚಿನ ತುಂಡುಗಳನ್ನು ಬಯಲಲ್ಲಿ ಅರ್ಧ ಹೂತು ವರ್ಷಗಟ್ಟಲೆ ಕಾಯುತ್ತಾರೆ. ಸರಾಸರಿ 120 ತಿಂಗಳು ಅಥವಾ ಮೇಲೆ ಬಾಳಿದರೆ ಮೊದಲ ದರ್ಜೆ. 60ರಿಂದ 120 ತಿಂಗಳು ಎರಡನೇದು. ಅದಕ್ಕಿಂತ ಕಡಿಮೆ ಮೂರನೇದು. ಮಣ್ಣಲ್ಲಿ ಹೂತ ಲೆಕ್ಕ ಇದು. ಒಣಗಿದ ಸೂರಿನಡಿ ಅದೇ ಮರ ನೂರು ವರ್ಷ ಬಾಳುತ್ತದೆ. ತೊಟ್ಟಿಮನೆಯವರ ಎಂಟು ತೊಲೆಗಳೇ ಇದಕ್ಕೆ ಸಾಕ್ಷಿ.

ಮರ ಯಾವುದೆಂಬ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಶುರುವಾದದ್ದು. ಸಣ್ಣ ತುಂಡು ಕೊಟ್ಟರೆ ಮರದ ಜಾತಿ ಗುರುತಿಸುತ್ತಾರೆ. ದೊಡ್ಡ ಮೊತ್ತದ ಮರ ಕೊಳ್ಳುವವರು ಒಮ್ಮೆ ಹೋಗಬೇಕು.

ತೊಟ್ಟಿಮನೆ · ಏಪ್ರಿಲ್ 26

ಔಷಧಿ ಬಗ್ಗೆ ಹೇಳಿ ಸರ್. ಹುಳ ಇರುವ ಪಟ್ಟಿಗೆ ಏನು ಮಾಡಲಿ? ಹೊಸ ತುಂಡಿಗೆ ಏನು ಹಚ್ಚಲಿ? ಊರಲ್ಲಿ ಒಬ್ಬರು ಗೇರು ಎಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಸುಟ್ಟ ಇಂಜಿನ್ ಆಯಿಲ್ ಅನ್ನುತ್ತಾರೆ.

ಮರದ ಮೇಷ್ಟ್ರು · ಏಪ್ರಿಲ್ 26

ಪಟ್ಟಿಗಳನ್ನು ಕಿತ್ತು ತೆಗೆಯಿರಿ. ಅವು ಭಾರ ಹೊರುವುದಿಲ್ಲ, ಔಷಧಿಯ ಖರ್ಚೂ ದಂಡ. ಹುಳ ಬಿದ್ದ ಪಟ್ಟಿಗಳನ್ನು ಕಟ್ಟಿಗೆ ಮನೆಯಲ್ಲಿ ಕೂಡಿಡಬೇಡಿ, ಅವತ್ತೇ ಒಲೆಗೆ ಹಾಕಿ. ಮೇಲಿನ ರೀಪುಗಳನ್ನು ಒಂದೊಂದಾಗಿ ದಬ್ಬಳದಲ್ಲಿ ಚುಚ್ಚಿ, ಹಿಟ್ಟಾದವನ್ನು ಮಾತ್ರ ಬದಲಿಸಿ.

ಒಳಗಿನ ಮರಕ್ಕೆ ನಾನು ನಂಬುವುದು ಬೋರಾನ್. 100 ಲೀಟರ್ ನೀರಿಗೆ 3 ಕಿಲೋ ಬಿಳಿಗಾರ, ಅಂದರೆ ಬೊರಾಕ್ಸ್. ಜೊತೆಗೆ 2 ಕಿಲೋ ಬೋರಿಕ್ ಆಸಿಡ್. ಬಿಸಿನೀರಲ್ಲಿ ಬೇಗ ಕರಗುತ್ತದೆ. ಹೊಸ ರೀಪನ್ನು ಇದರಲ್ಲಿ ಮುಳುಗಿಸಿಡಿ. ಹಾಕಿರುವ ಮರಕ್ಕೆ ಬಣ್ಣ, ವಾರ್ನಿಷ್ ಕೆರೆದು ಎರಡು ಮೂರು ಸಲ ಹಚ್ಚಿ. ಇದು ಹುಳ, ಗೆದ್ದಲು, ಅಣಬೆ ಮೂರಕ್ಕೂ ಆಗುತ್ತದೆ. ದೋಷ ಒಂದೇ. ಮಳೆ ನೀರು ತಾಗಿದರೆ ತೊಳೆದು ಹೋಗುತ್ತದೆ. ಆದ್ದರಿಂದ ಸೂರಿನ ಹೊರಗಿನ ಮರಕ್ಕೆ ಇದು ಬೇಡ. ಕೈಗೆ ಗ್ಲೌಸ್ ಹಾಕಿ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ.

ಗೇರು ಎಣ್ಣೆ ಕರಾವಳಿಯವರು ಹಿಂದಿನಿಂದ ಬಳಸಿದ್ದು. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಮರ ಕಪ್ಪಾಗುತ್ತದೆ. ಸೂರಿನ ಹೊರ ತುದಿಗೆ, ದನದ ಕೊಟ್ಟಿಗೆಗೆ ಪರವಾಗಿಲ್ಲ. ಸುಟ್ಟ ಆಯಿಲ್ ಮನೆಯೊಳಗೆ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. ಹಸಿರು ಛಾಯೆಯ ಔಷಧಿ ಮರ ಬೇಲಿ ಗೂಟಕ್ಕೆ ಬಳಸುತ್ತಾರಲ್ಲ, ಅದು ಸಿಸಿಎ. ತಾಮ್ರ, ಕ್ರೋಮ್, ಆರ್ಸೆನಿಕ್ ಸೇರಿದ್ದು. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಕಂಡುಹಿಡಿದರು. ಜಗತ್ತೆಲ್ಲ ಅದನ್ನು ಬಳಸಿತು. ನಮ್ಮ ನೆಲದ ಈ ವಿದ್ಯೆಯ ಬಗ್ಗೆ ನನಗೆ ತುಂಬ ಹೆಮ್ಮೆ ಇದೆ. ಆದರೆ ಆ ಮರದ ತುಂಡನ್ನು ಬಚ್ಚಲ ಒಲೆಗೆ ಹಾಕಬೇಡಿ, ಬೂದಿಯನ್ನು ತೋಟಕ್ಕೆ ಚೆಲ್ಲಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ.

ಕೊಡಗು ಕಾಫಿ · ಏಪ್ರಿಲ್ 27

ತೋಟದ ಕೆಲಸದವರಿರುವ ನಮ್ಮ ಲೈನ್ ಮನೆಗಳಿಗೆ ಒರಲೆ ಕಾಟ. ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಬುಡದಿಂದ ಮಣ್ಣಿನ ಗೆರೆ. ಗುಡಿಸಿದರೆ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ.

ಮರದ ಮೇಷ್ಟ್ರು · ಏಪ್ರಿಲ್ 27

ಗೆರೆ ಗುಡಿಸಿದರೆ ಗೂಡಿಗೆ ಏನೂ ಆಗುವುದಿಲ್ಲ. ಅವು ಮಣ್ಣಿನಿಂದ ಬರುತ್ತವೆ, ಆದ್ದರಿಂದ ಮಣ್ಣಿಗೇ ಔಷಧಿ ಆಗಬೇಕು. ಕಟ್ಟಿದ ಮನೆಗೆ ಹೇಗೆ ಮಾಡಬೇಕು ಅಂತ ಐಎಸ್ 6313ರ ಮೂರನೇ ಭಾಗದಲ್ಲಿದೆ. ಗೋಡೆಯಂಚಿನ ನೆಲದಲ್ಲಿ 30 ಸೆಂಟಿಮೀಟರ್‌ಗೆ ಒಂದರಂತೆ 12 ಮಿಲಿಮೀಟರ್ ತೂತು ಕೊರೆದು ಔಷಧಿ ಇಳಿಸುತ್ತಾರೆ. ಕೆಲಸದವರು ಸುಮ್ನೆ ಮೇಲೆ ಸಿಂಪಡಿಸಿ ಹೋಗುತ್ತಿದ್ದರೆ ತಡೆದು ಕೇಳಿ. ಬಾವಿ, ತೋಡು ಹತ್ತಿರ ಇದ್ದರೆ ಈ ಕೆಲಸ ಬೇಡ. ದಾರಂದದ ಬುಡ ಮಣ್ಣಿಗೆ ತಾಗದ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿಸಿಟ್ಟ ಸೌದೆ ರಾಶಿ ದೂರ ಸಾಗಿಸಿ. ಅರ್ಧ ಕಾಟ ಅಲ್ಲಿಗೇ ಇಳಿಯುತ್ತದೆ.

ಲೀಡ್ಸ್ ಕನ್ನಡಿಗ · ಏಪ್ರಿಲ್ 28

ಮುಂದಿನ ಸಲ ಊರಿಗೆ ಬಂದಾಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೋಡಬೇಕು ಅಂತಿದ್ದೇನೆ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದು ಅಲ್ಲೇ ಅಲ್ವಾ?

ಕುಂದಾಪ್ರ ಆಚಾರಿ · ಏಪ್ರಿಲ್ 28

ಹೌದು, ಖಂಡಿತ ನೋಡಿ. ಬಿಚ್ಚಿ ಮತ್ತೆ ಕಟ್ಟಲು ಆಗಿದ್ದು ಹಳಬರು ಬೆಣೆ, ಗೂಟದಲ್ಲಿ ಜೋಡಿಸಿದ್ದರಿಂದ. ಒಂದು ತುಂಡು ಕೆಟ್ಟರೆ ಆ ತುಂಡು ಮಾತ್ರ ಬದಲಿಸಬಹುದು.

ತೊಟ್ಟಿಮನೆ · ಮೇ 22

ಕೆಲಸ ಮುಗಿಯಿತು. ಇಂಜಿನಿಯರ್ ಬಂದು ನೋಡಿ ಒಪ್ಪಿದರು. ಊರಿನ ಆಚಾರರು ಇಬ್ಬರು ನಾಲ್ಕು ದಿನ ಕೂತು ಮಾಡಿದರು. ಎರಡೂವರೆ ಅಡಿ ಕೊಯ್ದರು. ತುದಿಯ ಒಂದು ಅಡಿ ಕೈಯಲ್ಲಿ ಹಿಡಿದರೆ ಪುಡಿ. ಉಳಿದದ್ದನ್ನು ಕೊಯ್ಯುವಾಗ ಗರಗಸದಿಂದ ಹಳದಿ ಹಿಟ್ಟು ಬಿತ್ತು, ಹಲಸಿನ ಆ ಪರಿಮಳ ಮನೆಯೆಲ್ಲ ತುಂಬಿತು. 90 ವರ್ಷದ ಮರದೊಳಗೆ ಇನ್ನೂ ಅಷ್ಟು ಹೊಸ ಬಣ್ಣ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ಒಂದು ಮುಷ್ಟಿ ಹಿಟ್ಟು ಎತ್ತಿಟ್ಟುಕೊಂಡರು.

ಪೈಪ್ ಗೋಡೆಯ ಹೊರಗಿನಿಂದ ತಂದೆವು. ಆ ಗೋಡೆಯ ಸಿಮೆಂಟ್ ಪೂರ್ತಿ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು. ಒಟ್ಟು ಖರ್ಚು ಆ ಔಷಧಿಯವರು ಹೇಳಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ.

ತೊಟ್ಟಿಮನೆ · ಅಕ್ಟೋಬರ್ 9

ಮಳೆಗಾಲ ಕಳೆಯಿತು, ತೊಲೆ ಹೇಗಿದೆ ಅಂತ ಹೇಳುತ್ತೇನೆ. ಈ ಸಲ ಜುಲೈಯಲ್ಲಿ ಹನ್ನೊಂದು ದಿನ ಬಿಡದೆ ಸುರಿಯಿತು. ಆಗ ಮೀಟರ್ ಎಲ್ಲಾ ತೊಲೆಯಲ್ಲೂ 17, 18 ತೋರಿಸಿತು. 9ನೇದರ ತುದಿಯಲ್ಲಿ 19. ಇವತ್ತು ನೋಡಿದೆ, 16ಕ್ಕೆ ಇಳಿದಿದೆ. ಹಾಸಿಗೆ ಮೇಲೆ ಹಿಟ್ಟು ಬಿದ್ದಿಲ್ಲ. ರೀಪಿನಲ್ಲಿ ಎರಡು ಕಡೆ ಅನುಮಾನ ಇದೆ, ಅಲ್ಲಿಗೆ ಹೊಸ ಕಾಗದ ಅಂಟಿಸಿ ತಾರೀಕು ಹಾಕಿದ್ದೇನೆ. ಏಪ್ರಿಲ್‌ನಲ್ಲಿ ನೋಡಿ ಇಲ್ಲೇ ಬರೆಯುತ್ತೇನೆ.

ತೊಲೆಗಳ ಮೇಲಿನ ಸೀಮೆಸುಣ್ಣದ ನಂಬರ್ ಒರೆಸಲು ಹೋದರೆ ಅಮ್ಮ ಬಿಡಲಿಲ್ಲ. ಮುಂದಿನ ವರ್ಷ ಬರೆದುಕೊಳ್ಳುವಾಗ ಬೇಕಲ್ಲ ಅಂದರು. ದಬ್ಬಳ, ಮೀಟರ್, ಪುಸ್ತಕ ಮೂರನ್ನೂ ಒಂದು ಡಬ್ಬಿಯಲ್ಲಿ ಹಾಕಿ ದೇವರ ಮನೆಯ ಗೂಡಲ್ಲಿ ಇಟ್ಟಿದ್ದಾರೆ.